ವಿಚ್ಛೇದನದ ರಾಜಿಯಲ್ಲಿ ಒಪ್ಪಿದ ಹಣ ಬಾರದಿದ್ದಾಗ: ಓದುಗರ ಕಾನೂನು ಪ್ರಶ್ನೆಗಳು

ಪ್ರಶ್ನೆ: ಮಾನ್ಯರೇ, ನಾನು ಬದಿಯಡ್ಕದ ಸಮೀಪದವಳು. ಪರಸ್ಪರ ಒಪ್ಪಿಗೆಯ ಮೇರೆಗೆ ಕಾಸರಗೋಡಿನ ಕುಟುಂಬ ನ್ಯಾಯಾಲಯದಲ್ಲಿ ನಮ್ಮ ವಿವಾಹ ವಿಚ್ಛೇದನವಾಗಿ ಇನ್ನೆರಡು ತಿಂಗಳಿಗೆ ಮೂರು ವರ್ಷ ತುಂಬುತ್ತದೆ. ಇಬ್ಬರೂ ದುಡಿದು ಕಟ್ಟಿಸಿದ ಮನೆಯಲ್ಲಿ ನನ್ನ ಪಾಲು ಮತ್ತು ಮುಂದಿನ ಜೀವನಾಂಶ ಎರಡೂ ಸೇರಿ 18 ಲಕ್ಷ ರೂಪಾಯಿ ಕೊಡುವುದೆಂದೂ, ಮಂಜೇಶ್ವರ ತಾಲೂಕಿನಲ್ಲಿರುವ ಅವರ ಜಾಗದಿಂದ 30 ಸೆಂಟ್ಸನ್ನು ನನ್ನ ಹೆಸರಿಗೆ ನೋಂದಣಿ ಮಾಡಿಕೊಡುವುದೆಂದೂ ಬರೆದ ಕರಾರು ಡಿಕ್ರಿಯ, ಅಂದರೆ ನ್ಯಾಯಾಲಯದ ಅಂತಿಮ ಆಜ್ಞೆಯ, ಭಾಗವಾಗಿದೆ. ಡಿಕ್ರಿಯ ದಿನ 6 ಲಕ್ಷ ಸಿಕ್ಕಿತು. ಉಳಿದ 12 ಲಕ್ಷವನ್ನು ಆರು ತಿಂಗಳಿಗೊಮ್ಮೆ 3 ಲಕ್ಷದಂತೆ ಕೊಡಬೇಕಿತ್ತು. ಮೊದಲ ಕಂತಿನ ಬಳಿಕ ಏನೂ ಬಂದಿಲ್ಲ, ಜಾಗದ ನೋಂದಣಿಯೂ ಆಗಿಲ್ಲ. ಅಡಿಕೆ ಕೊಯ್ಲು ಮುಗಿಯಲಿ ಎನ್ನುತ್ತಿದ್ದವರು ಈಗ, ವರ್ಷದೊಳಗೆ ಕೇಳದ ಹಣಕ್ಕೆ ಹಕ್ಕಿಲ್ಲ ಎಂದು ತಮ್ಮ ಭಾವನ ಮೂಲಕ ಹೇಳಿ ಕಳುಹಿಸಿದ್ದಾರೆ. ನನ್ನ ಅಣ್ಣನ ಕೈಗೆ 1 ಲಕ್ಷ ನಗದು ಕೊಟ್ಟಿದ್ದೇನೆ ಎಂದೂ ಹೇಳುತ್ತಾರೆ. ಅಣ್ಣ ಅಂಥ ಹಣವನ್ನು ಪಡೆದಿಲ್ಲ. ಅವರಿಗೆ ಮಂಗಳೂರಿನ ಖಾಸಗಿ ಕಂಪೆನಿಯಲ್ಲಿ ಕೆಲಸವಿದೆ. ಅಲ್ಲಿದ್ದ ಫ್ಲ್ಯಾಟನ್ನು ಕಳೆದ ವರ್ಷ ತಮ್ಮನಿಗೆ ದಾನಪತ್ರ ಮಾಡಿದ್ದಾರೆ. ನಾನು ಹೊಲಿಗೆ ಕೆಲಸ ಮಾಡಿ ಮಗನನ್ನು ಓದಿಸುತ್ತಿದ್ದೇನೆ. ಮತ್ತೊಂದು ಕೇಸು ಹಾಕಬೇಕೇ? ಅವರನ್ನು ಜೈಲಿಗೆ ಹಾಕಿಸಬಹುದೇ?
– ಹೆಸರು ಬೇಡ

ಉತ್ತರ: ನಿಮ್ಮ ಹಕ್ಕು ಹೋಗಿಲ್ಲ. ಹೊಸ ಕೇಸನ್ನೂ ಹಾಕಬೇಕಾಗಿಲ್ಲ. ಆದರೆ ಇನ್ನು ಒಂದು ವಾರವನ್ನೂ ಕಳೆಯಬೇಡಿ; ಹಾಗೆ ಹೇಳಲು ನಿಮ್ಮ ಪತ್ರದಲ್ಲೇ ಕಾರಣಗಳಿವೆ.

ಒಂದು ವರ್ಷದ ಅವಧಿ ಎಂದು ಅವರು ನಿಮಗೆ ಹೇಳಿ ಕಳುಹಿಸಿರುವುದು ಬೇರೆ ಬಗೆಯ ಆದೇಶಕ್ಕೆ ಸಂಬಂಧಿಸಿದ ನಿಯಮ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್‌ನಡಿ, ಅಥವಾ 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್‌ನಡಿ ತಿಂಗಳ ಜೀವನಾಂಶದ ಆದೇಶವಾಗಿದ್ದರೆ, ಬಾಕಿಯನ್ನು ವಾರಂಟ್ ಮೂಲಕ ವಸೂಲು ಮಾಡಲು ಆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ನಿಮ್ಮದು ರಾಜಿ ಡಿಕ್ರಿ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಇಂಥ ಡಿಕ್ರಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದ್ದು, ಅದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕ್ರಮದಲ್ಲೇ ಜಾರಿಗೊಳಿಸಬೇಕು. ಅದರ ಅವಧಿ 1963ರ ಕಾಲಮಿತಿ ಕಾಯ್ದೆಯ 136ನೇ ಅನುಚ್ಛೇದದಂತೆ 12 ವರ್ಷ, ಮತ್ತು ನಿಗದಿತ ದಿನಾಂಕಗಳಲ್ಲಿ ಕೊಡಬೇಕಾದ ಕಂತುಗಳಿಗೆ ಆಯಾ ಕಂತು ತಪ್ಪಿದ ದಿನದಿಂದ ಆ ಲೆಕ್ಕ ಹಿಡಿಯುತ್ತದೆ.

ಹಾಗಾದರೆ ಆತುರವೇಕೆ? ಜಾಗದ ಮಾತು ಡಿಕ್ರಿಯಲ್ಲಿ ಹೇಗೆ ಬರೆಯಲ್ಪಟ್ಟಿದೆ ಎಂಬುದು ನನಗೆ ಕಾಣುತ್ತಿಲ್ಲ. ಅದು ಆಜ್ಞಾಪಕ ಪ್ರತಿಬಂಧಕಾಜ್ಞೆಯ ರೂಪದಲ್ಲಿದ್ದರೆ, ಅಂದರೆ ಇಂಥ ಕೆಲಸವನ್ನು ಮಾಡಲೇಬೇಕು ಎಂಬ ಆಜ್ಞೆಯಾಗಿದ್ದರೆ, ಅದರ ಜಾರಿಗೆ 135ನೇ ಅನುಚ್ಛೇದ ಕೊಡುವ ಕಾಲ ಮೂರೇ ವರ್ಷ. ನಿಮ್ಮ ಡಿಕ್ರಿ ಆ ಬಗೆಯದ್ದಲ್ಲ ಎಂದು ವಾದಿಸಲು ಅವಕಾಶವಿದ್ದರೂ, ಆ ವಾದದ ಅಗತ್ಯವೇ ಬೀಳದಂತೆ ಮೂರು ವರ್ಷ ತುಂಬುವ ಮೊದಲು ಅರ್ಜಿ ಸಲ್ಲಿಸುವುದು ಜಾಣತನ. ಇನ್ನೊಂದು ಕಾರಣ ನೋಟಿಸಿನದ್ದು. ಡಿಕ್ರಿಯಾಗಿ ಎರಡು ವರ್ಷದೊಳಗೆ ಜಾರಿ ಕೋರಿದ್ದರೆ ಎದುರು ಪಕ್ಷಕ್ಕೆ ಮುಂಚಿತವಾಗಿ ತಿಳಿಸದೆಯೇ ಜಪ್ತಿಯ ಆದೇಶ ಪಡೆಯುವ ಸಾಧ್ಯತೆಯಿತ್ತು. ಎರಡು ವರ್ಷ ದಾಟಿದ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ (ಇಲ್ಲಿ ಆದೇಶವೆಂದರೆ ನಿಯಮಗಳ ಅಧ್ಯಾಯ) 22ನೇ ನಿಯಮದಂತೆ ಮೊದಲು ಅವರಿಗೆ ನೋಟಿಸು ಹೋಗಬೇಕು, ಮತ್ತು ನೋಟಿಸು ತಲುಪಿದ ದಿನದಿಂದ ಜಪ್ತಿಯಾಗುವ ದಿನದವರೆಗಿನ ಅಂತರದಲ್ಲೇ ಆಸ್ತಿಗಳು ಕೈ ಬದಲಾಗುತ್ತವೆ. ಆದರೂ ನೋಟಿಸು ಕೊಡುವುದರಿಂದ ನ್ಯಾಯದ ಉದ್ದೇಶವೇ ಕೆಡುವುದಾದರೆ, ಕಾರಣವನ್ನು ದಾಖಲಿಸಿ ನೋಟಿಸಿಲ್ಲದೆ ಮುಂದುವರಿಯುವ ಅಧಿಕಾರವನ್ನು ಅದೇ ನಿಯಮದ ಎರಡನೇ ಉಪನಿಯಮ ನ್ಯಾಯಾಲಯಕ್ಕೆ ಕೊಟ್ಟಿದೆ. ಫ್ಲ್ಯಾಟನ್ನು ತಮ್ಮನಿಗೆ ದಾನ ಮಾಡಿದ ದಾಖಲೆಯನ್ನು ಮುಂದಿಟ್ಟು ನಿಮ್ಮ ವಕೀಲರು ಅದನ್ನೇ ಕೇಳಲಿ.

ನೀವು ಸಲ್ಲಿಸಬೇಕಾದುದು ವಕೀಲರು ಇ.ಪಿ. ಎನ್ನುವ ಅಮಲ್ಜಾರಿ ಅರ್ಜಿ. ಡಿಕ್ರಿ ಕೊಟ್ಟ ಕಾಸರಗೋಡಿನ ಕುಟುಂಬ ನ್ಯಾಯಾಲಯದಲ್ಲೇ ಅದನ್ನು ಕೊಡಬಹುದು. ಡಿಕ್ರಿಯ ಜಾರಿ, ಸಂದಾಯ ಮತ್ತು ತೃಪ್ತಿಗೆ ಸಂಬಂಧಿಸಿ ಉಭಯ ಪಕ್ಷಗಳ ನಡುವೆ ಏಳುವ ಪ್ರಶ್ನೆಗಳನ್ನೆಲ್ಲ ಜಾರಿ ನ್ಯಾಯಾಲಯವೇ ತೀರ್ಮಾನಿಸಬೇಕು, ಅದಕ್ಕಾಗಿ ಪ್ರತ್ಯೇಕ ದಾವೆ ಸಲ್ಲದು ಎಂದು ಅದೇ ಸಂಹಿತೆಯ 47ನೇ ಸೆಕ್ಷನ್ ಹೇಳುತ್ತದೆ. ಕರಾರು ಒತ್ತಾಯದಿಂದ ಆದದ್ದು, ಮೊತ್ತ ಹೆಚ್ಚಾಯಿತು ಎಂಬ ಮಾತುಗಳನ್ನು ಅವರು ಅಲ್ಲಿ ಎತ್ತುವಂತಿಲ್ಲ, ಏಕೆಂದರೆ ಜಾರಿ ನ್ಯಾಯಾಲಯ ಡಿಕ್ರಿಯ ಸರಿ ತಪ್ಪನ್ನು ಮತ್ತೆ ಕೆದಕುವುದಿಲ್ಲ. ನೀವು ಕೇಳಬಹುದಾದ ಅಸಲು ಮೂರು ಕಂತುಗಳ 9 ಲಕ್ಷ. ಬಡ್ಡಿಯ ವಿಷಯದಲ್ಲಿ ಡಿಕ್ರಿಯನ್ನು ಇನ್ನೊಮ್ಮೆ ಓದಿಸಿ ನೋಡಿ: ಡಿಕ್ರಿಯ ನಂತರದ ಬಡ್ಡಿಯ ಬಗ್ಗೆ ಅದರಲ್ಲಿ ಏನೂ ಬರೆದಿರದಿದ್ದರೆ, ನ್ಯಾಯಾಲಯ ಬಡ್ಡಿಯನ್ನು ನಿರಾಕರಿಸಿದೆ ಎಂದೇ 34ನೇ ಸೆಕ್ಷನ್ ಭಾವಿಸುತ್ತದೆ. ಹಣ ಕೊಡದೆ ವರ್ಷಗಟ್ಟಲೆ ತಡೆಹಿಡಿದವನಿಗೆ ಇದರಿಂದ ಲಾಭವಾಗುವುದು ಅನ್ಯಾಯವೆಂದೇ ನನಗೆ ಅನಿಸುತ್ತದೆ, ಆದರೆ ಕಾನೂನು ಇರುವುದು ಹಾಗೆ.

ಅಣ್ಣನ ಕೈಗೆ ಕೊಟ್ಟೆನೆನ್ನುವ 1 ಲಕ್ಷದ ಬಗ್ಗೆ ನೀವು ಹೆದರಬೇಕಾಗಿಲ್ಲ. ನ್ಯಾಯಾಲಯದ ಹೊರಗೆ ಸಂದ ಹಣವನ್ನು ಡಿಕ್ರಿ ಪಡೆದವರು ನ್ಯಾಯಾಲಯಕ್ಕೆ ತಿಳಿಸಿ ದಾಖಲು ಮಾಡಿಸಬೇಕು. ಅವರು ಮಾಡಿಸದಿದ್ದರೆ ಕೊಟ್ಟವನೇ 30 ದಿನಗಳೊಳಗೆ ಅರ್ಜಿ ಹಾಕಿ ದಾಖಲಿಸಿಕೊಳ್ಳಬೇಕು. ಹಾಗೆ ದಾಖಲಾಗದ ಸಂದಾಯವನ್ನು ಜಾರಿ ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳುವಂತಿಲ್ಲ ಎಂಬುದು 21ನೇ ಆದೇಶದ 2ನೇ ನಿಯಮ. ನಿಜವಾಗಿ ಕೈಸೇರಿದ ಹಣ ಯಾವುದಾದರೂ ಇದ್ದರೆ ಮಾತ್ರ ಅದನ್ನು ಅರ್ಜಿಯಲ್ಲಿ ನೀವೇ ತೋರಿಸಿ ಕಳೆಯಿರಿ. ಅರ್ಜಿಯ ಜೊತೆ ಕೊಡುವುದು ಪ್ರಮಾಣ ಮಾಡಿದ ಹೇಳಿಕೆ.

ಈಗ ಆಸ್ತಿಯ ಮಾತು. ನನ್ನ ಬಳಿಗೆ ಬರುವ ಹೆಚ್ಚಿನ ಹೆಣ್ಣುಮಕ್ಕಳು ಡಿಕ್ರಿಯ ಪ್ರತಿಯನ್ನು ಜೋಪಾನವಾಗಿ ತಂದಿರುತ್ತಾರೆ, ಆದರೆ ಎದುರು ಪಕ್ಷದ ಆಸ್ತಿ ಎಲ್ಲೆಲ್ಲಿ ಯಾರ ಹೆಸರಿನಲ್ಲಿದೆ ಎಂದರೆ ಉತ್ತರವಿರುವುದಿಲ್ಲ. ಮೊತ್ತವನ್ನು ಬರೆದುಕೊಡುವುದು ನ್ಯಾಯಾಲಯದ ಕೆಲಸ. ಅದು ಯಾವ ಜಾಗದಿಂದ, ಯಾವ ಸಂಬಳದಿಂದ, ಯಾವ ಖಾತೆಯಿಂದ ಬರಬೇಕು ಎಂದು ತೋರಿಸಿಕೊಡುವ ಹೊಣೆ ಡಿಕ್ರಿ ಪಡೆದವರ ಮೇಲಿರುತ್ತದೆ. ಸ್ಥಿರಾಸ್ತಿಯ ಜಪ್ತಿಗೆ ಗಡಿಗಳನ್ನೋ ಸರ್ವೆ ನಂಬರನ್ನೋ ಅರ್ಜಿಯಲ್ಲೇ ಕೊಡಬೇಕಾಗುವುದರಿಂದ, ಮಂಜೇಶ್ವರ ಕಡೆಯ ಜಾಗದ ಆಧಾರದ (ನೋಂದಾಯಿತ ಹಕ್ಕುಪತ್ರದ) ನಕಲನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪಡೆಯಿರಿ, ಋಣಭಾರ ಪ್ರಮಾಣಪತ್ರ ತೆಗೆಸಿ, ತೆರಿಗೆ ಯಾರ ಹೆಸರಿನಲ್ಲಿ ಸಲ್ಲುತ್ತಿದೆ ಎಂದು ವಿಲೇಜ್ ಆಫೀಸಿನಲ್ಲಿ ವಿಚಾರಿಸಿ. ನಿಮಗೆ ತಿಳಿಯದ ಆಸ್ತಿಗಳಿಗಾಗಿ 21ನೇ ಆದೇಶದ 41ನೇ ನಿಯಮವಿದೆ: ತನ್ನ ಆಸ್ತಿಗಳ ವಿವರವನ್ನು ಪ್ರಮಾಣ ಮಾಡಿದ ಲಿಖಿತ ಹೇಳಿಕೆಯ (ಅಫಿಡವಿಟ್) ಮೂಲಕ ಸಲ್ಲಿಸುವಂತೆ ಬಾಕಿದಾರನಿಗೆ ನ್ಯಾಯಾಲಯ ಆದೇಶಿಸಬಹುದು, ಆ ಆದೇಶವನ್ನು ಮೀರಿದರೆ ಮೂರು ತಿಂಗಳವರೆಗೆ ಸಿವಿಲ್ ಬಂಧನದಲ್ಲಿಡಬಹುದು. ಈ ನಿಯಮವನ್ನು ನಮ್ಮ ಕಡೆ ಬಳಸುವುದು ಕಡಿಮೆ. ಮೊದಲ ಅರ್ಜಿಯಲ್ಲೇ ಅದನ್ನು ಕೇಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕೆಲವು ಆಸ್ತಿಗಳನ್ನು 60ನೇ ಸೆಕ್ಷನ್ ಜಪ್ತಿಯಿಂದ ಹೊರಗಿಟ್ಟಿದೆ. ಕೃಷಿಕನು ವಾಸವಾಗಿರುವ ಮನೆ, ಅವನ ಉಳುಮೆಯ ಸಲಕರಣೆ, ಭವಿಷ್ಯನಿಧಿ, ಸರ್ಕಾರಿ ಪಿಂಚಣಿ ಮುಂತಾದವು ಅದರಲ್ಲಿ ಸೇರುತ್ತವೆ. ಆದರೆ ಮಂಗಳೂರಿನಲ್ಲಿ ಸಂಬಳಕ್ಕಿರುವವರು ಊರಿನ ಮನೆಗೆ ಕೃಷಿಕನ ರಕ್ಷಣೆ ಕೇಳಿದರೆ ಅದನ್ನು ಪ್ರಶ್ನಿಸಬಹುದು. ತಂದೆ ಬದುಕಿರುವಾಗ ಅವರ ಸ್ವಯಾರ್ಜಿತದಲ್ಲಿ ಮುಂದೆಂದೋ ಸಿಗಬಹುದಾದ ಪಾಲು ಬರಿಯ ನಿರೀಕ್ಷೆಯಾದ್ದರಿಂದ ಅದು ಜಪ್ತಿಗೆ ಒಳಗಾಗದು. ಕುಟುಂಬದ ಆಸ್ತಿಯಲ್ಲಿ ಅವರಿಗೆ ಈಗಾಗಲೇ ಬಂದಿರುವ ಪಾಲು, ವಿಭಾಗವಾಗದೆ ಇದ್ದರೂ, ಒಳಗಾಗುತ್ತದೆ. ಅಡಿಕೆ ಮಾರಿದ ಹಣ ಸಹಕಾರಿ ಸಂಘದಿಂದಲೋ ವ್ಯಾಪಾರಿಯಿಂದಲೋ ಅವರಿಗೆ ಬರಬೇಕಾಗಿದ್ದರೆ, ಆ ಹಣವನ್ನು ಅವರಿಗೆ ಕೊಡದೆ ನ್ಯಾಯಾಲಯಕ್ಕೆ ಕಟ್ಟುವಂತೆ ಸಂಘಕ್ಕೆ ನೋಟಿಸು ಕೊಡಿಸಲು 21ನೇ ಆದೇಶದ 46ಎ ನಿಯಮ ಅನುವು ಮಾಡುತ್ತದೆ. ಕೊಯ್ಲು ಮುಗಿಯಲಿ ಎಂದವರಿಗೆ ಕೊಯ್ಲಿನ ಹಣದಲ್ಲೇ ಉತ್ತರ ಕೊಡುವ ದಾರಿ ಇದು.

ಸಂಬಳದ ಜಪ್ತಿಗೆ ಖಾಸಗಿ ಉದ್ಯೋಗವೂ ಒಳಪಡುತ್ತದೆ. ಇಲ್ಲಿ ನಿಮ್ಮ ಹಣ ಯಾವ ಬಗೆಯದ್ದು ಎಂಬುದಕ್ಕೆ ಬೆಲೆಯಿದೆ. ಸಾಮಾನ್ಯ ಡಿಕ್ರಿಯಾದರೆ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಪಾಲು ಜಪ್ತಿಯಿಂದ ಹೊರಗುಳಿಯುತ್ತದೆ. ಒಟ್ಟು 24 ತಿಂಗಳು ಜಪ್ತಿಯಾದ ಬಳಿಕ ಅದೇ ಡಿಕ್ರಿಗೆ ಮತ್ತೆ ಸಂಬಳವನ್ನು ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಯಾದರೆ ಹೊರಗುಳಿಯುವುದು ಮೂರನೇ ಒಂದು ಪಾಲು ಮಾತ್ರ. ನಿಮ್ಮ ಕರಾರಿನಲ್ಲಿ ಮನೆಯ ಪಾಲು ಮತ್ತು ಜೀವನಾಂಶ ಒಂದೇ ಮೊತ್ತದಲ್ಲಿ ಬೆರೆತಿರುವುದರಿಂದ ಇದರ ಮೇಲೆ ವಾದ ಏಳಬಹುದು. ಆದುದರಿಂದ ಸಂಬಳವನ್ನೊಂದೇ ನೆಚ್ಚದೆ ಜಾಗದ ಜಪ್ತಿಯನ್ನೇ ಮುಂದಿಟ್ಟುಕೊಳ್ಳುವುದು ಒಳ್ಳೆಯದು.

ಗಡಿ ದಾಟಿದ ಆಸ್ತಿಯ ವಿಷಯದಲ್ಲಿ ನಮ್ಮ ಜಿಲ್ಲೆಯವರಲ್ಲಿ ಒಂದು ಅಂಜಿಕೆ ಇದೆ. ತಲಪಾಡಿಯ ಆಚೆಗೆ ಕೇರಳದ ನ್ಯಾಯಾಲಯದ ಆದೇಶ ನಡೆಯದು ಎಂದು ಹೇಳಿ ಹೆದರಿಸುವವರೂ ಇದ್ದಾರೆ. ಕಾಸರಗೋಡಿನ ನ್ಯಾಯಾಲಯ ತನ್ನ ವ್ಯಾಪ್ತಿಯ ಹೊರಗಿನ ಆಸ್ತಿಯನ್ನು ತಾನೇ ಜಪ್ತಿ ಮಾಡಿ ಹರಾಜು ಹಾಕಲಾರದು ಎಂಬುದಷ್ಟೇ ಅದರಲ್ಲಿರುವ ನಿಜ. 39ನೇ ಸೆಕ್ಷನ್ ಪ್ರಕಾರ ಡಿಕ್ರಿಯನ್ನು ಮಂಗಳೂರಿನ ನ್ಯಾಯಾಲಯಕ್ಕೆ ವರ್ಗಾಯಿಸುವಂತೆ ನೀವು ಕೇಳಬಹುದು. ಬೇರೆ ರಾಜ್ಯದ ನ್ಯಾಯಾಲಯವಾದರೂ ಉಚ್ಚ ನ್ಯಾಯಾಲಯಗಳ ಮೂಲಕ ಸುತ್ತಿಸದೆ ನೇರವಾಗಿ ಕಳುಹಿಸಬೇಕೆಂದು 21ನೇ ಆದೇಶದ 5ನೇ ನಿಯಮವೇ ಹೇಳುತ್ತದೆ. ಜೊತೆಗೆ ಎಷ್ಟು ಹಣ ಬಾಕಿ ಉಳಿದಿದೆ ಎಂಬ ಪ್ರಮಾಣಪತ್ರವೂ ಹೋಗಬೇಕು. ವರ್ಗಾವಣೆಗೆ ಸಮಯ ಹಿಡಿಯುವುದಾದರೆ, ಅಲ್ಲಿಯವರೆಗೆ ಆಸ್ತಿ ಮಾರಿಹೋಗದಂತೆ 46ನೇ ಸೆಕ್ಷನ್‌ನಡಿ ಜಪ್ತಿಯನ್ನು ಕೋರುವ ಪತ್ರವನ್ನು ಆ ನ್ಯಾಯಾಲಯಕ್ಕೆ ಕಳುಹಿಸಬಹುದು. ಈ ಜಪ್ತಿ ಸಾಮಾನ್ಯವಾಗಿ ಎರಡು ತಿಂಗಳ ಕಾಲ ನಡೆಯುತ್ತದೆ, ಬೇಕಾದರೆ ವಿಸ್ತರಿಸಿಕೊಳ್ಳಬಹುದು.

ದಾನಪತ್ರವಾಗಿರುವ ಫ್ಲ್ಯಾಟಿನ ಬಗ್ಗೆ: ಜಪ್ತಿಯ ನಂತರ ಮಾಡಿದ ಪರಭಾರೆ ನಿಮ್ಮ ಹಕ್ಕಿನ ಎದುರು ನಿಲ್ಲದು ಎಂದು 64ನೇ ಸೆಕ್ಷನ್ ಹೇಳಿದರೂ, ಇಲ್ಲಿ ಜಪ್ತಿಗೆ ಮೊದಲೇ ಪರಭಾರೆಯಾಗಿದೆ. ಅದಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಸೆಕ್ಷನ್ ಬೇಕು. ಸಾಲ ಬರಬೇಕಾದವರನ್ನು ವಂಚಿಸುವ ಅಥವಾ ತಡೆಯುವ ಉದ್ದೇಶದಿಂದ ಮಾಡಿದ ವರ್ಗಾವಣೆಯನ್ನು ಅವರು ರದ್ದುಪಡಿಸಿಕೊಳ್ಳಬಹುದು, ಮತ್ತು ಡಿಕ್ರಿ ಪಡೆದವರೂ ಅದರಲ್ಲಿ ಸೇರುತ್ತಾರೆ ಎಂದು ಆ ಸೆಕ್ಷನ್ನಿನಲ್ಲೇ ಬರೆದಿದೆ. ಸದ್ಭಾವನೆಯಿಂದ ಬೆಲೆ ಕೊಟ್ಟು ಕೊಂಡವನಿಗೆ ಅಲ್ಲಿ ರಕ್ಷಣೆಯಿದೆ. ದಾನವಾಗಿ ಪಡೆದ ತಮ್ಮನಿಗೆ ಆ ರಕ್ಷಣೆ ಸಿಗದು. ಕಂತು ತಪ್ಪಿದ ದಿನಾಂಕ, ದಾನಪತ್ರದ ದಿನಾಂಕ, ದಾನದ ಬಳಿಕವೂ ಫ್ಲ್ಯಾಟಿನಲ್ಲಿ ಯಾರು ಇದ್ದಾರೆ, ಬಾಡಿಗೆ ಯಾರ ಖಾತೆಗೆ ಹೋಗುತ್ತಿದೆ ಎಂಬ ನಾಲ್ಕು ಸಂಗತಿಗಳಿಂದಲೇ ಉದ್ದೇಶವನ್ನು ಬಹುಮಟ್ಟಿಗೆ ತೋರಿಸಬಹುದು. ಇದರ ಹಾದಿ ಉದ್ದ. ಊರಿನ ಜಾಗದಿಂದಲೇ 9 ಲಕ್ಷ ಹೊರಡುವುದಾದರೆ ಮೊದಲು ಅದನ್ನು ಹಿಡಿಯಿರಿ.

ಮೂವತ್ತು ಸೆಂಟ್ಸಿನ ನೋಂದಣಿಗೆ ಅವರ ಸಹಿಗಾಗಿ ಕಾಯಬೇಕಾಗಿಲ್ಲ. ಡಿಕ್ರಿಯಂತೆ ಪತ್ರ ಬರೆದುಕೊಡಲು ಒಪ್ಪದವನ ಪರವಾಗಿ ನ್ಯಾಯಾಲಯವೇ ಪತ್ರವನ್ನು ಮಾಡಿಕೊಡುವ ವಿಧಾನ 21ನೇ ಆದೇಶದ 34ನೇ ನಿಯಮದಲ್ಲಿದೆ. ನೀವು ಕರಡನ್ನು ಸಲ್ಲಿಸುತ್ತೀರಿ, ಆಕ್ಷೇಪ ಹೇಳಲು ಅವರಿಗೆ ಸಮಯ ಕೊಡಲಾಗುತ್ತದೆ, ಬಳಿಕ ನ್ಯಾಯಾಧೀಶರೋ ಅವರು ನೇಮಿಸಿದ ಅಧಿಕಾರಿಯೋ ಸಹಿ ಹಾಕುತ್ತಾರೆ. ಕರಡಿನಲ್ಲಿ 30 ಸೆಂಟ್ಸು ಯಾವ ಸರ್ವೆ ನಂಬರಿನ ಯಾವ ಮೂಲೆಯದು, ದಾರಿ ಎಲ್ಲಿಂದ ಎಂಬುದು ಸ್ಪಷ್ಟವಿರಬೇಕು. ಕರಾರಿನಲ್ಲಿ ನಕ್ಷೆ ಇಲ್ಲದಿದ್ದರೆ ಈಗಲೇ ಸರ್ವೆಯವರಿಂದ ಅಳತೆ ಮಾಡಿಸಿಟ್ಟುಕೊಳ್ಳಿ.

ಜೈಲಿನ ಪ್ರಶ್ನೆಗೆ ಕೊನೆಗೆ ಬರುತ್ತಿದ್ದೇನೆ, ಏಕೆಂದರೆ ಅದು ಕೊನೆಯ ದಾರಿಯೇ ಆಗಬೇಕು. 5,000 ರೂಪಾಯಿಗೆ ಮೀರಿದ ಹಣದ ಡಿಕ್ರಿಗೆ ಮೂರು ತಿಂಗಳವರೆಗೆ ಸಿವಿಲ್ ಬಂಧನ ಸಾಧ್ಯ. ಆದರೆ ಹಣ ಕೊಡದಿರುವುದೊಂದೇ ಅದಕ್ಕೆ ಸಾಲದು. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ, ಕೇರಳದವರೇ ಆದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪಿನಲ್ಲಿ, ಕೊಡುವ ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದವನನ್ನಲ್ಲದೆ ಕೈಲಾಗದವನನ್ನು ಸಾಲಕ್ಕಾಗಿ ಬಂಧಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಸಂಬಳವೂ ಜಾಗವೂ ಇದ್ದು, ಇದ್ದ ಫ್ಲ್ಯಾಟನ್ನು ದಾನ ಮಾಡಿದವರ ವಿಷಯದಲ್ಲಿ ಇದನ್ನು ತೋರಿಸುವುದು ಕಷ್ಟವಲ್ಲ. ಆದರೂ ಬಂಧನದಲ್ಲಿರುವಷ್ಟು ದಿನ ಅವರ ಊಟದ ಭತ್ಯೆಯನ್ನು ನೀವು ಕಟ್ಟಬೇಕು, ಸಂಬಳವೂ ನಿಲ್ಲಬಹುದು. ಬಂಧನ ಮುಗಿದರೆ ಬಾಕಿ ತೀರಿತೆಂದಲ್ಲ ಎಂಬುದು ಮಾತ್ರ ನಿಮಗೆ ಅನುಕೂಲ. ಹಣ ಕೊಡುತ್ತೇನೆಂದು ಅವರು ನ್ಯಾಯಾಲಯಕ್ಕೇ ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಅದರ ಉದ್ದೇಶಪೂರ್ವಕ ಉಲ್ಲಂಘನೆ ನ್ಯಾಯಾಂಗ ನಿಂದನೆಯೂ ಆದೀತು. ಅದಕ್ಕಿರುವ ಒಂದು ವರ್ಷದ ಅವಧಿ ಮೊದಲು ತಪ್ಪಿದ ಎರಡು ಕಂತುಗಳಿಗೆ ಕಳೆದುಹೋಗಿದೆ.

ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಕಾಸರಗೋಡಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅರ್ಜಿ ಕೊಡಿ, ಅಥವಾ 15100 ಸಂಖ್ಯೆಗೆ ಕರೆ ಮಾಡಿ. ಜಾರಿ ಅರ್ಜಿಗಳನ್ನು ಸಲ್ಲಿಸಿದ ಆರು ತಿಂಗಳೊಳಗೆ ತೀರಿಸಬೇಕೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ರಾಹುಲ್ ಶಾ ಪ್ರಕರಣದಲ್ಲಿ ಹೇಳಿತ್ತು, 2025ರ ಮಾರ್ಚ್‌ನಲ್ಲಿ ಪೆರಿಯಮ್ಮಾಳ್ ಪ್ರಕರಣದಲ್ಲಿ ಮತ್ತೆ ಒತ್ತಿ ಹೇಳಿತು. ವಾಯಿದೆಯ ಮೇಲೆ ವಾಯಿದೆ ಬೀಳುವಾಗ ಈ ಎರಡು ತೀರ್ಪುಗಳನ್ನು ನ್ಯಾಯಾಲಯದ ಗಮನಕ್ಕೆ ತನ್ನಿ. ನೋಟಿಸಿನ ಶುಲ್ಕ ಕಟ್ಟುವುದು, ಸರಿಯಾದ ವಿಳಾಸ ಕೊಡುವುದು ಇವುಗಳಲ್ಲಿ ನಿಮ್ಮ ಕಡೆಯಿಂದ ತಡವಾಗದಿರಲಿ.

ಇನ್ನೂ ಸಹಿ ಹಾಕದಿರುವ ಓದುಗರಿಗೆ ಇಲ್ಲಿಯೇ ಒಂದು ಮಾತು. ಕಂತು ಕೊಡುವ ಕರಾರಿನಲ್ಲಿ ಒಂದು ಕಂತು ತಪ್ಪಿದರೂ ಉಳಿದ ಎಲ್ಲ ಹಣ ಒಮ್ಮೆಗೇ ಸಲ್ಲಬೇಕು ಎಂದೂ, ತಪ್ಪಿದ ದಿನದಿಂದ ಬಡ್ಡಿ ಇಷ್ಟು ಎಂದೂ, ಇಂಥ ಸರ್ವೆ ನಂಬರಿನ ಆಸ್ತಿಯ ಮೇಲೆ ಆ ಹಣದ ಹೊಣೆ ಇರುತ್ತದೆ ಎಂದೂ ಬರೆಯಿಸಿಕೊಳ್ಳಿ. ಶಾಶ್ವತ ಜೀವನಾಂಶಕ್ಕೆ ಸ್ಥಿರಾಸ್ತಿಯ ಮೇಲೆ ಹೊಣೆ ಹೊರಿಸಲು ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಸ್ಪಷ್ಟವಾಗಿ ಅವಕಾಶ ಕೊಟ್ಟಿದೆ. ಕರಾರು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ, ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಗಡಿನಾಡಿನ ಎಷ್ಟೋ ಹೆಣ್ಣುಮಕ್ಕಳು ಆ ದಿನದ ಗಡಿಬಿಡಿಯಲ್ಲಿ ಅದನ್ನು ಕೇಳಲು ಸಂಕೋಚಪಡುತ್ತಾರೆ. ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ: ಮದುವೆಯಲ್ಲಿ ನನಗೆ ಹಾಕಿದ್ದ 40 ಪವನು ಚಿನ್ನವನ್ನು ಅಥವಾ ಅದರ ಬೆಲೆಯನ್ನು ಮರಳಿಸಬೇಕೆಂದು ನ್ಯಾಯಾಲಯ ಡಿಕ್ರಿ ಮಾಡಿದೆ. ಚಿನ್ನದ ಧಾರಣೆ ಆಗಿನಿಂದ ಈಗ ಬಹಳ ಏರಿದೆ. ಹಳೆಯ ಬೆಲೆ ಕೊಟ್ಟು ಮುಗಿಸುತ್ತೇನೆ ಎಂದು ಅವರು ಹೇಳುತ್ತಾರೆ. ಒಪ್ಪಬೇಕೇ?
– ಓದುಗರೊಬ್ಬರು, ಹೊಸದುರ್ಗ ತಾಲೂಕು

ಉತ್ತರ: ಡಿಕ್ರಿಯ ಪಠ್ಯವನ್ನು ನೋಡದೆ ಒಪ್ಪಬೇಡಿ. ಇಷ್ಟು ರೂಪಾಯಿ ಎಂದು ಅಂಕಿಯಲ್ಲೇ ಬರೆದಿದ್ದರೆ ಚಿನ್ನಕ್ಕೆ ಬದಲಾಗಿ ಸಿಗುವುದು ಆ ಮೊತ್ತವೇ. ವಸೂಲಿಯ ದಿನದ ಮಾರುಕಟ್ಟೆ ಬೆಲೆ ಎಂದಿದ್ದರೆ ಇಂದಿನ ಧಾರಣೆ ನಿಮ್ಮದು. ಬರಿದೆ ಅದರ ಬೆಲೆ ಎಂದಷ್ಟೇ ಇದ್ದರೆ, ಜಾರಿ ನ್ಯಾಯಾಲಯವು ತೀರ್ಪನ್ನೂ ಮೂಲ ಅರ್ಜಿಯನ್ನೂ ಓದಿ ಡಿಕ್ರಿಯ ಅರ್ಥವನ್ನು ನಿರ್ಧರಿಸಬಹುದು, ಹೊಸದೊಂದನ್ನು ಸೇರಿಸಲಾರದು.

ಎದುರು ಪಕ್ಷದವರು ಮರೆಸುವ ಒಂದು ವಿಷಯವಿದೆ. ಡಿಕ್ರಿಯ ಮೊದಲ ಭಾಗ ಚಿನ್ನವನ್ನೇ ಕೊಡಬೇಕೆಂಬುದು. ಸಾಮಾನ್ಯವಾಗಿ ಬೆಲೆಯ ಮಾತು ಬರುವುದು ಚಿನ್ನ ಸಿಗದೆ ಹೋದಾಗ. ಯಾವುದನ್ನು ಕೊಡಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಬಾಕಿದಾರನಿಗೆ ಇದೆ ಎಂದು ಡಿಕ್ರಿಯಲ್ಲಿ ಬರೆದಿರದ ಹೊರತು, ಒಡವೆಗಳು ಅವರ ಮನೆಯಲ್ಲಿ ಅಥವಾ ಬ್ಯಾಂಕಿನ ಲಾಕರಿನಲ್ಲಿ ಇವೆ ಎಂದು ಗೊತ್ತಿದ್ದರೆ ಅವನ್ನೇ ವಶಪಡಿಸಿಕೊಟ್ಟು ಜಾರಿ ಮಾಡಲು ಕೇಳಿ. ನಿರ್ದಿಷ್ಟ ಚರಾಸ್ತಿಯ ಡಿಕ್ರಿಗೆ 21ನೇ ಆದೇಶದ 31ನೇ ನಿಯಮ ಇದೆ. ವಸ್ತುವನ್ನು ವಶಪಡಿಸಿ ಕೊಡಿಸುವುದು, ಕೊಡದವನನ್ನು ಸಿವಿಲ್ ಬಂಧನದಲ್ಲಿಡುವುದು, ಅವನ ಬೇರೆ ಆಸ್ತಿಯನ್ನು ಜಪ್ತಿ ಮಾಡುವುದು ಎಲ್ಲವೂ ಅದರಲ್ಲಿವೆ. ಜಪ್ತಿಯಾಗಿ ಮೂರು ತಿಂಗಳಾದರೂ ಡಿಕ್ರಿಯಂತೆ ನಡೆಯದಿದ್ದರೆ ಆ ಆಸ್ತಿಯನ್ನು ಮಾರಿಸಬಹುದು. ಬದಲಿ ಮೊತ್ತವನ್ನು ಡಿಕ್ರಿ ನಿಗದಿ ಮಾಡಿದ್ದರೆ ಮಾರಾಟದ ಹಣದಿಂದ ಆ ಮೊತ್ತವನ್ನೂ, ನಿಗದಿ ಮಾಡಿರದಿದ್ದರೆ ನ್ಯಾಯಾಲಯಕ್ಕೆ ತಕ್ಕದ್ದೆಂದು ಕಂಡ ಪರಿಹಾರವನ್ನೂ ನಿಮಗೆ ಕೊಡಿಸಲಾಗುತ್ತದೆ. ಇಂದಿನ ಧಾರಣೆಯನ್ನು ಕೇಳಲು ಈ ಕೊನೆಯ ಮಾತು ನಿಮಗೆ ಗಟ್ಟಿಯಾದ ಆಧಾರ.

ಒಡವೆಗಳನ್ನು ಅಡವಿಟ್ಟು ಸಾಲ ತೆಗೆದಿದ್ದರೆ ಬ್ಯಾಂಕಿನ ಹೆಸರು ಮತ್ತು ಅಡವಿನ ಚೀಟಿಯ ವಿವರ ಸಂಗ್ರಹಿಸಿ. ನಿಮ್ಮ ಚಿನ್ನದಿಂದ ಅವರು ತಮ್ಮ ಸಾಲ ತೀರಿಸಿಕೊಂಡಿದ್ದರೆ ಅದು ಅವರ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ಹೆಂಡತಿಯ ಸ್ತ್ರೀಧನ ಅವಳ ಸ್ವಂತ ಆಸ್ತಿ, ಗಂಡನಿಗೆ ಅದರಲ್ಲಿ ಪಾಲಿಲ್ಲ, ಕಷ್ಟಕಾಲದಲ್ಲಿ ಬಳಸಿಕೊಂಡರೂ ಅದನ್ನು ಅಥವಾ ಅದರ ಬೆಲೆಯನ್ನು ಮರಳಿಸುವ ನೈತಿಕ ಹೊಣೆ ಅವನದು ಎಂದು 2024ರ ಏಪ್ರಿಲ್‌ನಲ್ಲಿ ಕೇರಳದ್ದೇ ಆದ ಮಾಯಾ ಗೋಪಿನಾಥನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಪತ್ನಿಗೆ 25 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಆ ಪ್ರಕರಣದಲ್ಲಿದ್ದುದು 89 ಪವನು ಚಿನ್ನ.

ಪ್ರಶ್ನೆ: ವಿಚ್ಛೇದನದ ಬಳಿಕ ನನಗೆ ಮರುಮದುವೆಯಾಗಿದೆ. ಬಾಕಿ ಇರುವ ಕಂತುಗಳನ್ನು ಇನ್ನು ಕೊಡಬೇಕಾಗಿಲ್ಲ ಎಂದು ಹಿಂದಿನ ಪತಿ ಹೇಳುತ್ತಿದ್ದಾರೆ. ನಿಜವೇ?
– ಕುಂಬಳೆಯ ಓದುಗರು

ಉತ್ತರ: ಯಾವ ಹಣ ಎಂಬುದರ ಮೇಲೆ ಇದು ನಿಂತಿದೆ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್‌ನಡಿ ಮಾಡಿದ ಜೀವನಾಂಶದ ಆದೇಶವನ್ನು, ಪಡೆಯುವವರು ಮರುಮದುವೆಯಾದರೆ, ಮಾರ್ಪಡಿಸಲು ಅಥವಾ ರದ್ದುಪಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಆ ಅಧಿಕಾರ ನ್ಯಾಯಾಲಯದ್ದು. ಅರ್ಜಿಯನ್ನೂ ಹಾಕದೆ, ಆದೇಶವನ್ನೂ ಪಡೆಯದೆ ಅವರೇ ಕಂತು ನಿಲ್ಲಿಸುವಂತಿಲ್ಲ. ಮನೆಯಲ್ಲಿ ನಿಮ್ಮ ಪಾಲಿನ ಬೆಲೆಯಾಗಿಯೋ ಚಿನ್ನದ ಬೆಲೆಯಾಗಿಯೋ ಬರಬೇಕಾದ ಹಣವಾದರೆ ಅದು ನಿಮ್ಮ ಆಸ್ತಿಯ ಲೆಕ್ಕ, ಮರುಮದುವೆಗೂ ಅದಕ್ಕೂ ಸಂಬಂಧವಿಲ್ಲ. ಮಗುವಿನ ಹೆಸರಿನಲ್ಲಿ ಒಪ್ಪಿದ ಹಣಕ್ಕೂ ಅಷ್ಟೆ. ಹಾಗಾಗಿ ಡಿಕ್ರಿಯಲ್ಲಿ ಯಾವ ಮೊತ್ತವನ್ನು ಯಾವ ಬಾಬ್ತಿಗೆ ಎಂದು ಬರೆದಿದೆಯೋ ಅದರಂತೆ ಬೇರೆಬೇರೆಯಾಗಿ ಲೆಕ್ಕ ತೋರಿಸಿ ಅಮಲ್ಜಾರಿ ಅರ್ಜಿ ಹಾಕಿ.

ಪ್ರಶ್ನೆ: ರಾಜಿಯಂತೆ 7 ಲಕ್ಷ ಕೊಡಬೇಕಾಗಿದ್ದ ನನ್ನ ಹಿಂದಿನ ಪತಿ ಗಲ್ಫಿನಲ್ಲಿ ತೀರಿಕೊಂಡರು. ಅವರು ಮತ್ತೆ ಮದುವೆಯಾಗಿರಲಿಲ್ಲ. ಊರಿನ ತೋಟ ಅವರ ಹೆಸರಿನಲ್ಲಿದೆ, ಅತ್ತೆ ಮಾವ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಕಂಪೆನಿಯಿಂದ ಬರುವ ಹಣಕ್ಕೂ ಅವರೇ ಅರ್ಜಿ ಹಾಕಿದ್ದಾರಂತೆ. ನಮಗೆ ಹನ್ನೊಂದು ವರ್ಷದ ಮಗಳಿದ್ದಾಳೆ. ಸತ್ತವರ ಮೇಲೆ ಕೇಸು ನಡೆಯದು ಎನ್ನುತ್ತಾರೆ.
– ಮುಳ್ಳೇರಿಯ ಸಮೀಪದ ಓದುಗರು

ಉತ್ತರ: ಸತ್ತವರ ಮೇಲೆ ನಡೆಯದು, ಅವರು ಬಿಟ್ಟುಹೋದ ಆಸ್ತಿಯ ಮೇಲೆ ನಡೆಯುತ್ತದೆ. ಬಾಕಿದಾರನು ಡಿಕ್ರಿ ಪೂರ್ತಿ ತೀರುವ ಮೊದಲು ತೀರಿಕೊಂಡರೆ ಅವನ ಕಾನೂನುಬದ್ಧ ವಾರಸುದಾರರ ವಿರುದ್ಧ ಜಾರಿ ಕೋರಬಹುದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಸೆಕ್ಷನ್ ಹೇಳುತ್ತದೆ. ಮೃತನ ಆಸ್ತಿಯಲ್ಲಿ ಅವರ ಕೈಸೇರಿದಷ್ಟಕ್ಕೆ ಮಾತ್ರ ಅವರ ಹೊಣೆ. ನಿಮ್ಮ ಮಾವನವರ ಸ್ವಂತ ಜಾಗವನ್ನು ಇದಕ್ಕಾಗಿ ಮುಟ್ಟಲಾಗದು. ತೋಟ ಮೃತರ ಹೆಸರಿನಲ್ಲಿರುವುದರಿಂದ ಅದರ ಜಪ್ತಿಗೆ ಅಡ್ಡಿಯಿಲ್ಲ.

ಇದರ ಜೊತೆಗೆ ನಿಮ್ಮ ಮಗಳಿಗೆ ಬೇರೆಯದೇ ಹಕ್ಕೊಂದಿದೆ, ಅದನ್ನು ಯಾರೂ ನಿಮಗೆ ಹೇಳಿದಂತೆ ಕಾಣುತ್ತಿಲ್ಲ. ವಿಚ್ಛೇದನದಿಂದ ನೀವು ವಾರಸುದಾರರಲ್ಲವಾದರೂ ಮಗಳು ತಂದೆಯ ಮಗಳೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೃತರ ಮೊದಲ ವರ್ಗದ ವಾರಸುದಾರರಲ್ಲಿ ತಾಯಿಯೂ ಮಕ್ಕಳೂ ಸೇರುತ್ತಾರೆ, ತಂದೆ ಸೇರುವುದಿಲ್ಲ. ನೀವು ಹೇಳಿದಂತೆ ಅವರು ಮತ್ತೆ ಮದುವೆಯಾಗಿರದೆ, ಬೇರೆ ಮಕ್ಕಳೂ ಇಲ್ಲದಿದ್ದರೆ, ಉಯಿಲು ಬರೆದಿರದಿದ್ದರೆ, ಸಾಲಗಳನ್ನು ಕಳೆದು ಉಳಿದುದರಲ್ಲಿ ಅರ್ಧ ನಿಮ್ಮ ಮಗಳದು, ಅರ್ಧ ಅಜ್ಜಿಯದು. ಅಜ್ಜ ಅಜ್ಜಿ ಇಬ್ಬರೇ ಅರ್ಜಿ ಹಾಕಿ ಕಂಪೆನಿಯ ಹಣ ತೆಗೆದುಕೊಳ್ಳಲು ಬಿಡಬಾರದು. ಮಗಳ ಜನನ ಪ್ರಮಾಣಪತ್ರ ಮತ್ತು ಡಿಕ್ರಿಯ ಪ್ರತಿಯೊಂದಿಗೆ, ವಾರಸು ಪ್ರಮಾಣಪತ್ರಕ್ಕೆ ಎಲ್ಲಿ ಅರ್ಜಿ ಸಲ್ಲಿಸಿದ್ದಾರೋ ಅಲ್ಲಿ ಲಿಖಿತ ಆಕ್ಷೇಪವನ್ನು ತಕ್ಷಣ ಕೊಡಿ, ಕಂಪೆನಿಗೂ ಪತ್ರ ಬರೆಯಿರಿ.

ಅಮಲ್ಜಾರಿ ಅರ್ಜಿಯಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಮಗಳೂ ವಾರಸುದಾರಳಾದ್ದರಿಂದ ಅವಳನ್ನೂ ಎದುರುದಾರಳಾಗಿ ಸೇರಿಸಬೇಕಾಗುತ್ತದೆ, ಹಾಗೂ ಹಣ ಕೇಳುವ ನೀವೇ ಅವಳ ಪಾಲಕರಾಗಿ ನಿಲ್ಲುವುದು ಸರಿಯಾಗದು. ಆ ಪ್ರಕರಣದ ಮಟ್ಟಿಗೆ ಬೇರೊಬ್ಬರನ್ನು ಅವಳ ಪಾಲಕರನ್ನಾಗಿ ನೇಮಿಸುವಂತೆ ಅರ್ಜಿಯ ಜೊತೆಗೇ ಕೋರಿಕೊಳ್ಳಿ. ನಿಮ್ಮ ಅಣ್ಣನೋ ತಮ್ಮನೋ ಒಪ್ಪಿದರೆ ಅವರ ಹೆಸರನ್ನು ಸೂಚಿಸಬಹುದು.